ಬಿಗ್ ಬಾಯ್ ಎಷ್ಟು ಸಲ ಬೇಕಾದರೂ ಬರುತ್ತದೆ, ಸಾದಾ ಎಂಜಿನ್ ಯಾಕೆ ಬರುವುದಿಲ್ಲ?

ಪ್ರಶ್ನೆ: ಎಚ್‌ಒ ಸ್ಕೇಲಿನಲ್ಲಿ, ಅಂದರೆ ನಿಜ ಅಳತೆಯ 87ರಲ್ಲಿ ಒಂದು ಪಾಲಿನ ಮಾದರಿ ರೈಲುಗಳಲ್ಲಿ, 1920ರ ದಶಕದ ಅಮೆರಿಕದ ಒಂದು ಬ್ರಾಂಚ್ ಲೈನ್ ಕಟ್ಟುತ್ತಿದ್ದೇನೆ. ನನಗೆ ಬೇಕಿರುವುದು ಒಂದು ಸಾದಾ 4-6-0 ಸ್ಟೀಮ್ ಎಂಜಿನ್ (ಮುಂದೆ 4 ಸಣ್ಣ ಗಾಲಿ, ನಡುವೆ ಎಳೆಯುವ 6 ಗಾಲಿ, ಹಿಂದೆ ಗಾಲಿ ಇಲ್ಲ). ಸೌಂಡ್ ಇರಬೇಕು, ನಾನು ಆರಿಸಿಕೊಂಡ ರೈಲ್ವೆಯ ಎಂಜಿನ್ ತರಹವೇ ಕಾಣಬೇಕು. ಅದು ಎಲ್ಲೂ ಸಿಗುತ್ತಿಲ್ಲ. ಬಿಗ್ ಬಾಯ್ ಎಂಬ ದೈತ್ಯ ಎಂಜಿನ್ ಮಾತ್ರ ಒಂದಾದ ಮೇಲೊಂದು ಕಂಪನಿಯಿಂದ ಬರುತ್ತಲೇ ಇರುತ್ತದೆ. ಹವ್ಯಾಸಿಗಳು ಪ್ರತಿ ವರ್ಷ 'ಇದನ್ನು ಮಾಡಿ' ಅಂತ ಪಟ್ಟಿ ಕಳಿಸುತ್ತಾರಲ್ಲ, ಅದನ್ನು ಯಾರಾದರೂ ಓದುತ್ತಾರಾ? ನೀವಾಗಿದ್ದರೆ ಯಾವ ಎಂಜಿನ್ ಕೇಳುತ್ತಿದ್ದಿರಿ?

ಉತ್ತರ: ಓದುತ್ತಾರೆ. ಆದರೆ ಪಟ್ಟಿಯಲ್ಲಿ ಹೆಸರು ಬರೆಯುವುದಕ್ಕೆ ದುಡ್ಡು ಬೇಕಾಗಿಲ್ಲ, ಬುಕಿಂಗ್ ಮಾಡುವುದಕ್ಕೆ ಬೇಕು. 'ಬಂದರೆ ಖಂಡಿತ ಕೊಳ್ಳುತ್ತೇನೆ' ಎಂದವರಲ್ಲಿ ಎಷ್ಟು ಜನ ಕೊನೆಗೆ ಕೊಳ್ಳುತ್ತಾರೆ ಅನ್ನುವುದು ಕಂಪನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವರು ಪಟ್ಟಿಯಲ್ಲಿ ಮೊದಲು ಬಂದ ಎಂಜಿನ್ ಯಾವುದು ಅಂತ ಮಾತ್ರ ನೋಡಿ ಸುಮ್ಮನಾಗುವುದಿಲ್ಲ. ಒಂದೇ ಅಚ್ಚಿನಿಂದ ಎಷ್ಟು ಬಗೆಯ ಎಂಜಿನ್ ತೆಗೆಯಬಹುದು, ಎಷ್ಟು ರೈಲ್ವೆಗಳ ಬಣ್ಣ ಹಚ್ಚಿ ಮಾರಬಹುದು ಅಂತ ಲೆಕ್ಕ ಹಾಕುತ್ತಾರೆ. ನಿಮ್ಮ 4-6-0 ಸಿಕ್ಕಿಬಿದ್ದಿರುವುದು ಈ ಲೆಕ್ಕದಲ್ಲೇ.

ಮೊದಲು ಬಿಗ್ ಬಾಯ್ ಕಥೆ ಮುಗಿಸಿಬಿಡೋಣ. ಯೂನಿಯನ್ ಪೆಸಿಫಿಕ್ ರೈಲ್ವೆಗೆ ಆಲ್ಕೊ ಕಂಪನಿ 1941ರಲ್ಲಿ ಮತ್ತು 1944ರಲ್ಲಿ ಕಟ್ಟಿಕೊಟ್ಟ 4-8-8-4 ಎಂಜಿನ್‌ಗಳು ಒಟ್ಟು 25 ಮಾತ್ರ. ಅವು ಒಂದೇ ರೈಲ್ವೆಯಲ್ಲಿ, ದೇಶದ ಒಂದು ಭಾಗದಲ್ಲಷ್ಟೇ ಓಡಿದವು. ಎಚ್‌ಒನಲ್ಲಿ ಅದರ ಉದ್ದ ಸುಮಾರು 46 ಸೆಂಟಿಮೀಟರ್. ಮನೆಯ ಮೇಜಿನ ಮೇಲೆ ಹಳಿ ಹಾಕಿ ಕಟ್ಟಿದ ಲೇಔಟ್‌ನಲ್ಲಿ ಅದು ಸರಿಯಾಗಿ ಕಾಣುವುದೇ ಇಲ್ಲ, ತಿರುವಿನಲ್ಲಿ ಬಾಯ್ಲರ್‌ನ ಮೂತಿ ಹಳಿ ಬಿಟ್ಟು ಆಚೆ ಚಾಚಿಕೊಳ್ಳುತ್ತದೆ. ಆದರೂ ರಿವರೊಸ್ಸಿ, ಟ್ರಿಕ್ಸ್, ಅಥರ್ನ್, ಬ್ರಾಡ್‌ವೇ ಲಿಮಿಟೆಡ್ ಎಂಬ ಮಾದರಿ ಕಂಪನಿಗಳೆಲ್ಲ ಅದನ್ನು ಮಾಡಿವೆ. ಯಾಕೆಂದರೆ ಅದನ್ನು ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಲೇಔಟ್ ಇರಬೇಕೆಂದೇನೂ ಇಲ್ಲ. ಗಾಜಿನ ಕಪಾಟಿನಲ್ಲಿಡುವವರು, ಉಡುಗೊರೆ ಕೊಡುವವರು, ಟಿವಿಯಲ್ಲಿ ನೋಡಿ ಬೆರಗಾದವರು ಎಲ್ಲ ಸೇರುತ್ತಾರೆ. 2019ರ ಮೇ ತಿಂಗಳಲ್ಲಿ 4014 ನಂಬರಿನ ನಿಜವಾದ ಬಿಗ್ ಬಾಯ್ ರಿಪೇರಿಯಾಗಿ ಮತ್ತೆ ಹಳಿ ಮೇಲೆ ಓಡಿತಲ್ಲ, ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಹೆಸರು ಮಾಡಿದ ಎಂಜಿನ್ ಮಾರಾಟವಾಗುವುದಕ್ಕೆ ನಿಜ ಲೋಕದ ಸಂಖ್ಯೆ ಅಡ್ಡ ಬರುವುದಿಲ್ಲ. ಪೆನ್ಸಿಲ್ವೇನಿಯಾ ರೈಲ್‌ರೋಡಿನ 6-8-6 ಸ್ಟೀಮ್ ಟರ್ಬೈನ್ ಎಂಜಿನ್ 1944ರಲ್ಲಿ ಕಟ್ಟಿದ್ದು ಒಂದೇ ಒಂದು. ಲಯೊನೆಲ್ 1946ರಲ್ಲಿ ಅದನ್ನು ಆಟಿಕೆ ಎಂಜಿನ್ ಮಾಡಿತು, ಅಮೆರಿಕದ ಮನೆಮನೆಗೆ ಅದರ ರೂಪ ಗೊತ್ತಾಯಿತು. ಎಳೆಯುವ ಗಾಲಿಗಳ ಮೂರು ಗುಂಪುಗಳಿರುವ ಟ್ರಿಪ್ಲೆಕ್ಸ್ ಎಂಜಿನ್‌ಗಳು ಈರಿ ರೈಲ್ವೆಗೆ ಮೂರು, ವರ್ಜೀನಿಯನ್ ರೈಲ್ವೆಗೆ ಒಂದು, ಒಟ್ಟು ನಾಲ್ಕೇ. ಬಾಯ್ಲರ್‌ಗೆ ಅಷ್ಟು ಸಿಲಿಂಡರ್‌ಗಳಿಗೆ ಸಾಲುವಷ್ಟು ಹಬೆ ಕೊಡಲಾಗದೆ ನಿಜ ಜೀವನದಲ್ಲಿ ಸೋತವು. ಎಮ್‌ಟಿಎಚ್ ಅದನ್ನೂ ಎಚ್‌ಒನಲ್ಲಿ ತಂದಿತು. ಬ್ರಿಟನ್ನಿನಲ್ಲಿ ಎಲ್‌ಎನ್‌ಇಆರ್ ರೈಲ್ವೆಯ 10000 ನಂಬರಿನ 'ಹಷ್ ಹಷ್' ಎಂಜಿನ್ ಕೂಡ ಒಂದೇ ಇದ್ದದ್ದು, ಹಾರ್ನ್‌ಬಿ ಅದನ್ನು ಮಾಡಿತು. 'ಅಪರೂಪದ ಎಂಜಿನ್ ಯಾರು ಮಾಡ್ತಾರೆ' ಅನ್ನುವ ಮಾತು ಹಾಗಾಗಿ ಸುಳ್ಳು. ಅಪರೂಪದ್ದು ಸಿಗುತ್ತದೆ, ಸಿಗದೆ ಇರುವುದು ಸಾಮಾನ್ಯವಾದದ್ದು.

ಇದು ವಿಚಿತ್ರ ಅನ್ನಿಸಬಹುದು. ಅಮೆರಿಕದಲ್ಲಿ 2-8-0 ಎಂಜಿನ್‌ಗಳೇ 20 ಸಾವಿರಕ್ಕೂ ಹೆಚ್ಚು ತಯಾರಾದವು. 4-6-0 ಕೂಡ ಸಾವಿರ ಸಾವಿರ ಲೆಕ್ಕದಲ್ಲಿ ಬಂದವು. ಇಷ್ಟೊಂದು ಇದ್ದ ಮೇಲೆ ಮಾದರಿಗಳೂ ಜಾಸ್ತಿ ಇರಬೇಕಲ್ವಾ? ಸಮಸ್ಯೆ ಏನೆಂದರೆ ಅವು ಒಂದರ ಹಾಗೆ ಇನ್ನೊಂದು ಇರಲಿಲ್ಲ. ಪ್ರತಿ ರೈಲ್ವೆಯ ಮೆಕ್ಯಾನಿಕಲ್ ವಿಭಾಗ ತನಗೆ ಬೇಕಾದ ಹಾಗೆ ಮಾಡಿಸಿಕೊಂಡಿತು. ಚಾಲಕನ ಕ್ಯಾಬ್ ಬೇರೆ, ಬಾಯ್ಲರ್ ಮೇಲಿನ ಗುಮ್ಮಟ ಅಂದರೆ ಡೋಮ್ ಬೇರೆ ಜಾಗದಲ್ಲಿ, ಗಾಲಿಯ ಅಳತೆ ಬೇರೆ, ಇಂಧನ ನೀರು ಹೊರುವ ಹಿಂದಿನ ಬಂಡಿ ಟೆಂಡರ್ ಬೇರೆ. ಒಂದೇ ರೈಲ್ವೆಯ ಒಂದೇ ಕ್ಲಾಸಿನ ಎರಡು ಎಂಜಿನ್‌ಗಳು ಹತ್ತು ವರ್ಷ ಕಳೆದ ಮೇಲೆ ಎರಡು ಬೇರೆ ವರ್ಕ್‌ಶಾಪ್‌ಗಳಿಗೆ ಹೋಗಿ ಬಂದು ಅಣ್ಣತಮ್ಮಂದಿರ ಹಾಗೂ ಕಾಣುತ್ತಿರಲಿಲ್ಲ.

ಡೀಸೆಲ್ ಎಂಜಿನ್‌ಗಳ ಕಥೆ ಬೇರೆ. ಜನರಲ್ ಮೋಟಾರ್ಸ್‌ನ ಇಎಮ್‌ಡಿ ವಿಭಾಗ ಜಿಪಿ9 ಅನ್ನು 4000ಕ್ಕೂ ಹೆಚ್ಚು ಮಾಡಿತು. ಎಸ್‌ಡಿ40-2 ಕೂಡ ಹತ್ತಿರಹತ್ತಿರ ಅಷ್ಟೇ. ರೈಲ್ವೆ ಯಾವುದಾದರೂ ಎಂಜಿನ್ನಿನ ಮೈಕಟ್ಟು ಒಂದೇ. ಕಂಪನಿ ಒಂದು ಅಚ್ಚು ಮಾಡಿಸಿದರೆ ಹತ್ತಾರು ರೈಲ್ವೆಗಳ ಬಣ್ಣ ಹಚ್ಚಿ ಮಾರಬಹುದು, ಪ್ರತಿ ಬಣ್ಣಕ್ಕೂ ನಾಲ್ಕಾರು ನಂಬರ್ ಕೊಡಬಹುದು, ಎರಡು ವರ್ಷ ಬಿಟ್ಟು ಮತ್ತೊಂದಿಷ್ಟು ಬಣ್ಣಗಳಲ್ಲಿ ತರಬಹುದು. ಸ್ಟೀಮ್‌ನಲ್ಲಿ ಇದಕ್ಕೆ ಹತ್ತಿರ ಬರುವುದು ಯುಎಸ್‌ಆರ್‌ಎ ಎಂಜಿನ್‌ಗಳು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸರ್ಕಾರ ಯುಎಸ್‌ಆರ್‌ಎ ಎಂಬ ಸಂಸ್ಥೆಯ ಮೂಲಕ ರೈಲ್ವೆಗಳನ್ನು ಕೈಗೆ ತೆಗೆದುಕೊಂಡು 12 ಬಗೆಯ ಸಿದ್ಧ ವಿನ್ಯಾಸ ಮಾಡಿಸಿತ್ತು. ಅದರಲ್ಲಿ ಲೈಟ್ ಮಿಕಾಡೊ ಅನ್ನುವ 2-8-2 ಒಂದೇ 625 ತಯಾರಾಗಿ ಬೇರೆ ಬೇರೆ ರೈಲ್ವೆಗಳಿಗೆ ಹಂಚಿಕೆಯಾಯಿತು. ಮಾದರಿ ಕಂಪನಿಗಳಿಗೆ ಯುಎಸ್‌ಆರ್‌ಎ ಅಂದರೆ ಯಾಕಷ್ಟು ಪ್ರೀತಿ ಅಂತ ಈಗ ಅರ್ಥವಾಗಿರಬೇಕು. ನಿಮ್ಮ ದುರದೃಷ್ಟಕ್ಕೆ ಆ 12ರಲ್ಲಿ 4-6-0 ಇರಲಿಲ್ಲ.

ಅಚ್ಚಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಪ್ಲಾಸ್ಟಿಕ್ ಎಂಜಿನ್‌ನಲ್ಲಿ ದೊಡ್ಡ ಖರ್ಚು ಪ್ಲಾಸ್ಟಿಕ್‌ನದ್ದಲ್ಲ, ಮೋಟರ್‌ನದ್ದೂ ಅಲ್ಲ. ಉಕ್ಕಿನಲ್ಲಿ ಕೊರೆಯುವ ಅಚ್ಚುಗಳದ್ದು. ಆ ಖರ್ಚು ಮೊದಲ ಎಂಜಿನ್ ಹೊರಗೆ ಬರುವ ಮುಂಚೆಯೇ ಆಗಿಹೋಗಿರುತ್ತದೆ. ಅದನ್ನು 5000 ಎಂಜಿನ್‌ಗಳ ಮೇಲೆ ಹಂಚುವುದಕ್ಕೂ 500ರ ಮೇಲೆ ಹಂಚುವುದಕ್ಕೂ ಒಂದೊಂದರ ಮೇಲೆ ಬೀಳುವ ಹೊರೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಸ್ಟೀಮ್ ಎಂಜಿನ್‌ಗೆ ಅಚ್ಚುಗಳೂ ಜಾಸ್ತಿ, ಕೈಯಲ್ಲಿ ಜೋಡಿಸಬೇಕಾದ ಸಣ್ಣ ಬಿಡಿಭಾಗಗಳೂ ಜಾಸ್ತಿ. ನಕ್ಷೆ ಹುಡುಕುವುದರಿಂದ ಹಿಡಿದು ಕ್ಯಾಡ್ ಚಿತ್ರ, ಮೊದಲ ಸ್ಯಾಂಪಲ್, ತಿದ್ದುಪಡಿ, ಬಣ್ಣದ ಸ್ಯಾಂಪಲ್ ಎಲ್ಲ ದಾಟಿ ಅಂಗಡಿಗೆ ಬರುವಷ್ಟರಲ್ಲಿ ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಮೇಲಾಗಿ ಇವರಲ್ಲಿ ಹೆಚ್ಚಿನವರಿಗೆ ಸ್ವಂತ ಕಾರ್ಖಾನೆ ಇಲ್ಲ. ಚೀನಾದ ಒಂದೇ ಕಾರ್ಖಾನೆಯಲ್ಲಿ ನಾಲ್ಕೈದು ಬ್ರ್ಯಾಂಡ್‌ಗಳು ಸರದಿ ಕಾಯುತ್ತವೆ. ಹಿಂದೆ ಸಾಂಡಾ ಕಾನ್ ಎಂಬ ದೊಡ್ಡ ಕಾರ್ಖಾನೆ ಬ್ಯಾಚ್‌ಮನ್‌ನ ಒಡೆಯ ಕೇಡರ್ ಕೈಗೆ ಹೋದ ಮೇಲೆ ಅಲ್ಲಿ ಮಾಡಿಸುತ್ತಿದ್ದ ಬೇರೆ ಕಂಪನಿಗಳು ಹೊಸ ಜಾಗ ಹುಡುಕಿಕೊಳ್ಳಬೇಕಾಯಿತು. ಎಷ್ಟೋ ಬಾರಿ 'ಘೋಷಣೆ ಆಯ್ತು, ಎಂಜಿನ್ ಬರಲಿಲ್ಲ' ಅನ್ನುವುದರ ಹಿಂದೆ ಇರುವುದು ಇಂಥ ಕಾರಣ.

ಇದರ ಜೊತೆಗೆ ಗುಟ್ಟಿನ ಆಟ ಬೇರೆ. ಯಾರು ಏನು ಮಾಡುತ್ತಿದ್ದಾರೆ ಅಂತ ಕೊನೆಯವರೆಗೆ ಹೇಳುವುದಿಲ್ಲ, ಆಮೇಲೆ ಇಬ್ಬರೂ ಒಂದೇ ಎಂಜಿನ್ ಹಿಡಿದುಕೊಂಡು ಬರುತ್ತಾರೆ. ಬ್ರಿಟನ್ನಿನ ಆಡಮ್ಸ್ ರೇಡಿಯಲ್ ಟ್ಯಾಂಕ್ ಎಂಜಿನ್‌ಗೆ ವರ್ಷಗಟ್ಟಲೆ ಬೇಡಿಕೆ ಇತ್ತು, ಯಾರೂ ಮುಟ್ಟಿರಲಿಲ್ಲ. ಕೊನೆಗೆ ಹಾರ್ನ್‌ಬಿ ಮತ್ತು ಆಕ್ಸ್‌ಫರ್ಡ್ ರೈಲ್ ಎರಡೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಅದನ್ನೇ ಘೋಷಿಸಿದವು. ಟೆರಿಯರ್ ಟ್ಯಾಂಕ್ ಎಂಜಿನ್‌ಗೂ ಹೀಗೇ ಆಯಿತು.

ಇನ್ನು ಹೆಸರಿನ ಹಕ್ಕು. ಯೂನಿಯನ್ ಪೆಸಿಫಿಕ್ ಒಂದು ಕಾಲದಲ್ಲಿ ತನ್ನ ಬಣ್ಣ, ಲಾಂಛನ ಬಳಸುವ ಮಾದರಿ ಕಂಪನಿಗಳು ರಾಯಲ್ಟಿ ಕೊಡಬೇಕೆಂದು ಹಠ ಹಿಡಿದು 2004ರಲ್ಲಿ ಲಯೊನೆಲ್ ಮತ್ತು ಅಥರ್ನ್ ಮೇಲೆ ಕೇಸ್ ಹಾಕಿತ್ತು. 2006ರಲ್ಲಿ ಎಮ್‌ಟಿಎಚ್ ಜೊತೆ ರಾಜಿಯಾಗಿ ಆ ಶುಲ್ಕ ಕೈಬಿಟ್ಟಿತು. ನೀವು ಆರಿಸಿಕೊಂಡಿರುವಂಥ ಸಣ್ಣ ರೈಲ್ವೆಗೆ ಈ ತಲೆನೋವು ಬಹುಶಃ ಇಲ್ಲ.

ಬೇಡಿಕೆ ಪಟ್ಟಿ ಬರೆಯುವವರು ಮರೆಯುವ ಇನ್ನೊಂದು ವಿಷಯ ಇದೆ. ನನಗೆ ತುಂಬಾ ಇಷ್ಟವಾದ ವಿಷಯವೂ ಹೌದು. ಕೆಲವು ಎಂಜಿನ್‌ಗಳು ಸ್ಕೇಲಿಗೆ ಇಳಿಯಲು ಒಪ್ಪುವುದೇ ಇಲ್ಲ. ಎಚ್‌ಒ ಗಾಲಿಯ ಸಾಮಾನ್ಯ ಅಗಲ 2.8 ಮಿಲಿಮೀಟರ್. 87ರಿಂದ ಗುಣಿಸಿ ನೋಡಿ, ನಿಜದಲ್ಲಿ 24 ಸೆಂಟಿಮೀಟರ್ ಅಗಲದ ಗಾಲಿ ಆಗುತ್ತದೆ. ನಿಜವಾದ ಗಾಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಗಾಲಿ ದಪ್ಪವಾದಾಗ ಅದರ ಹೊರಗಿನ ರಾಡ್‌ಗಳು ಆಚೆ ಸರಿಯುತ್ತವೆ, ಅವುಗಳ ಜೊತೆ ಸಿಲಿಂಡರ್‌ಗಳೂ ಆಚೆ ಹೋಗಬೇಕು. ಮಾದರಿ ಎಂಜಿನ್‌ನ ಸೊಂಟ ಅಗಲವಾಗಿ ಕಾಣುವುದು ಅದಕ್ಕೇ. ಗಾಲಿಯ ಅಂಚು, ಅಂದರೆ ಫ್ಲ್ಯಾಂಜ್ ಕೂಡ ಸ್ಕೇಲಿಗಿಂತ ಆಳ. ನಿಜ ಎಂಜಿನ್‌ನಲ್ಲಿ ಎರಡು ಗಾಲಿಗಳ ನಡುವೆ ಬೆರಳು ತೂರುವಷ್ಟೇ ಜಾಗ ಇದ್ದರೆ, ಮಾದರಿಯಲ್ಲಿ ಅವು ಒಂದಕ್ಕೊಂದು ತಾಗುತ್ತವೆ. ಆಗ ಗಾಲಿಯನ್ನು ಚಿಕ್ಕದು ಮಾಡಬೇಕು, ಇಲ್ಲ ಎಂಜಿನ್ನನ್ನೇ ಸ್ವಲ್ಪ ಉದ್ದ ಮಾಡಬೇಕು. ಎರಡಕ್ಕೂ 'ರಿವೆಟ್ ಎಣಿಸುವವರು', ಅಂದರೆ ಪ್ರತಿ ಸಣ್ಣ ವಿವರವನ್ನೂ ಅಳೆದು ನೋಡುವವರು, ಬೈಯುತ್ತಾರೆ.

ತಿರುವಿನ ಕಷ್ಟ ಇನ್ನೊಂದು ಕಡೆ. ಎಚ್‌ಒನಲ್ಲಿ 18 ಇಂಚು ತ್ರಿಜ್ಯದ ತಿರುವು ತುಂಬಾ ಸಾಮಾನ್ಯ. ನಿಜ ಅಳತೆಯಲ್ಲಿ ಅದು 40 ಮೀಟರ್. ಯಾವ ದೊಡ್ಡ ಮೇನ್‌ಲೈನ್ ಎಂಜಿನ್ನೂ ಅಲ್ಲಿ ತಿರುಗಲಾರದು. ಅದಕ್ಕೇ ಬಿಗ್ ಬಾಯ್‌ನಂಥ ಜೋಡಿ ಎಂಜಿನ್‌ಗಳಲ್ಲಿ ನಿಜದಲ್ಲಿ ಮುಂದಿನ ಗಾಲಿಗುಂಪು ಮಾತ್ರ ತಿರುಗಿದರೆ, ಎಷ್ಟೋ ಮಾದರಿಗಳಲ್ಲಿ ಎರಡೂ ತಿರುಗುತ್ತವೆ. ಈ ವಿಷಯದಲ್ಲಿ ನಿಮ್ಮ 4-6-0 ಗೆಲ್ಲುತ್ತದೆ. ಮೂರೇ ಜೊತೆ ಎಳೆಯುವ ಗಾಲಿ, ಚಿಕ್ಕ ಮೈ, ಇಂಥ ಬಿಗಿ ತಿರುವಿನಲ್ಲೂ ಓಡುತ್ತದೆ.

ಚಿಕ್ಕ ಎಂಜಿನ್‌ಗಳ ಕಷ್ಟ ಮೊದಲು ಬೇರೆ ಇತ್ತು. ಮೋಟರ್ ಎಲ್ಲಿ ಇಡುವುದು, ತೂಕ ಎಲ್ಲಿ ತುಂಬುವುದು, ಹಳಿಯಿಂದ ಬರುವ ಆಜ್ಞೆ ಓದಿ ಎಂಜಿನ್ ಓಡಿಸುವ ಪುಟ್ಟ ಸರ್ಕ್ಯೂಟ್ ಡೀಕೋಡರ್ ಎಲ್ಲಿ, ಸ್ಪೀಕರ್ ಎಲ್ಲಿ? ಕೆಲವೇ ಗಾಲಿಗಳಿಂದ ಕರೆಂಟ್ ತೆಗೆದುಕೊಳ್ಳುವುದರಿಂದ ಹಳಿಯಲ್ಲಿ ಸ್ವಲ್ಪ ಕೊಳೆ ಇದ್ದರೂ ನಿಂತುಬಿಡುತ್ತಿದ್ದವು. ಈಗ ಕೋರ್‌ಲೆಸ್ ಮೋಟರ್ ಬೆರಳಿನಷ್ಟು ಸಣ್ಣದು, ಡೀಕೋಡರ್ ಉಗುರಿನಷ್ಟು, ಕರೆಂಟ್ ಕ್ಷಣಕಾಲ ಹೋದರೂ ಓಡಿಸುವ ಕೀಪ್ ಅಲೈವ್ ಕೆಪಾಸಿಟರ್‌ಗಳು ಬಂದಿವೆ. ಇದರ ಫಲ ಬ್ರಿಟನ್ನಿನಲ್ಲಿ ಚೆನ್ನಾಗಿ ಕಂಡಿತು. 2016ರಲ್ಲಿ ಹಾರ್ನ್‌ಬಿ ಪೆಕೆಟ್ ಡಬ್ಲ್ಯು4 ಅನ್ನುವ ಪುಟ್ಟ 0-4-0 ಎಂಜಿನ್ ತಂದಿತು. ಅದು ಯಾವ ಎಕ್ಸ್‌ಪ್ರೆಸ್ಸನ್ನೂ ಎಳೆದದ್ದಲ್ಲ. ಗಣಿ, ಕಾರ್ಖಾನೆಗಳ ಅಂಗಳದಲ್ಲಿ ವ್ಯಾಗನ್ ತಳ್ಳುತ್ತಿದ್ದ ಕೂಲಿ ಎಂಜಿನ್. ಬಂದ ತಕ್ಷಣ ಖಾಲಿಯಾಯಿತು. ಆಮೇಲೆ ಹಾರ್ನ್‌ಬಿಯೇ ಇನ್ನೊಂದು ಪೆಕೆಟ್ ತಂದಿತು, ಬೇರೆ ಕಂಪನಿಗಳೂ ಇಂಥ ಕಾರ್ಖಾನೆ ಎಂಜಿನ್‌ಗಳ ಹಿಂದೆ ಬಿದ್ದವು.

ಪೆಕೆಟ್ ಗೆದ್ದದ್ದು ಯಾಕೆ ಅಂತ ಸ್ವಲ್ಪ ಯೋಚಿಸಿ. ಒಂದೇ ಅಚ್ಚಿನ ಎಂಜಿನ್‌ಗೆ ಹತ್ತಾರು ಗಣಿ, ಕಾರ್ಖಾನೆಗಳ ಬಣ್ಣ ಹಚ್ಚಬಹುದು. ಒಂದು ಪುಸ್ತಕದ ಕಪಾಟಿನ ಹಲಗೆಯಷ್ಟು ಜಾಗದ ಲೇಔಟ್ ಸಾಕು. ಯಾವ ರೈಲ್ವೆಯನ್ನು ಮಾದರಿ ಮಾಡುವವರಾದರೂ ಒಂದು ಕೊಳ್ಳಲು ನೆಪ ಸಿಗುತ್ತದೆ. ಡೀಸೆಲ್ ಎಂಜಿನ್‌ಗಿರುವ ಅನುಕೂಲವೆಲ್ಲ ಒಂದು ಪುಟ್ಟ ಸ್ಟೀಮ್ ಎಂಜಿನ್‌ಗೆ ಸಿಕ್ಕಿತು.

ಹಾಗಾದರೆ ನಾನು ಏನು ಕೇಳುತ್ತೇನೆ? ಮೊದಲನೆಯದು ನಿಮ್ಮದೇ, ಆದರೆ ಕೇಳುವ ರೀತಿ ಬೇರೆ. 'ಇಂಥ ರೈಲ್ವೆಯ ಇಂಥ ಕ್ಲಾಸಿನ 4-6-0' ಅಂತ ಕೇಳುವುದಿಲ್ಲ. ಒಂದೇ ಯಂತ್ರಭಾಗ, ಎರಡು ಅಳತೆಯ ಗಾಲಿ, ಬದಲಿಸಬಹುದಾದ ಮೂರು ಕ್ಯಾಬ್, ಎರಡು ಬಗೆಯ ಸಿಲಿಂಡರ್, ಮೂರು ನಾಲ್ಕು ಟೆಂಡರ್ ಇರುವ ಒಂದು ಕುಟುಂಬ ಕೇಳುತ್ತೇನೆ. ಅಚ್ಚಿನಲ್ಲಿ ಬದಲಿಸಬಹುದಾದ ತುಂಡುಗಳನ್ನಿಟ್ಟು ಡೀಸೆಲ್‌ಗಳಲ್ಲಿ ಇದನ್ನು ದಿನವೂ ಮಾಡುತ್ತಾರೆ, ಸ್ಟೀಮ್‌ನಲ್ಲಿ ಧೈರ್ಯ ಕಡಿಮೆ. ಇನ್ನೂ ಒಂದು ವಾದ ಇದೆ. ಸಿಲಿಂಡರ್‌ಗೆ ಹಬೆ ಯಾವಾಗ ಬಿಡಬೇಕೆಂದು ನಿಯಂತ್ರಿಸುವ ರಾಡ್‌ಗಳ ಜೋಡಣೆಗೆ ವಾಲ್ವ್ ಗೇರ್ ಅನ್ನುತ್ತಾರೆ. ಅಮೆರಿಕದಲ್ಲಿ ಹೊರಗೆ ಕಾಣುವ ವಾಲ್‌ಶಾರ್ಟ್ಸ್ ವಾಲ್ವ್ ಗೇರ್ ಹರಡಿದ್ದು 1905ರಿಂದೀಚೆಗೆ. ಅದಕ್ಕಿಂತ ಹಳೆಯ ಎಂಜಿನ್‌ಗಳ ವಾಲ್ವ್ ಗೇರ್ ಚೌಕಟ್ಟಿನ ಒಳಗೇ ಅಡಗಿರುತ್ತದೆ. ಮಾದರಿಯಲ್ಲಿ ಅದನ್ನು ತೋರಿಸಬೇಕಾಗಿಲ್ಲ. ಅಂದರೆ ಜೋಡಿಸುವ ಸಣ್ಣ ರಾಡ್‌ಗಳು ಅರ್ಧಕ್ಕರ್ಧ ಕಡಿಮೆ, ಕೂಲಿಯೂ ಕಡಿಮೆ. 1920ರಲ್ಲಿ ಬ್ರಾಂಚ್ ಲೈನ್‌ಗಳಲ್ಲಿ ಓಡುತ್ತಿದ್ದದ್ದು ಮೇನ್‌ಲೈನಿನಿಂದ ಕೆಳಗಿಳಿದ ಇಂಥ ಹಳೆ ಎಂಜಿನ್‌ಗಳೇ.

ಎರಡನೆಯದು, ಅಮೆರಿಕದ ಪೆಕೆಟ್. ಪಿಟ್ಸ್‌ಬರ್ಗಿನ ಎಚ್. ಕೆ. ಪೋರ್ಟರ್ ಕಂಪನಿ ಕಾರ್ಖಾನೆ, ಗಣಿ, ಬಂದರುಗಳಿಗೆ ಸಾವಿರಾರು ಪುಟ್ಟ ಎಂಜಿನ್ ಮಾಡಿಕೊಟ್ಟಿತು. ಅದರಲ್ಲಿ ಒಂದನ್ನು ಇವತ್ತಿನ ಮೋಟರ್, ಇವತ್ತಿನ ಡೀಕೋಡರ್ ಹಾಕಿ ನಿಧಾನವಾಗಿ ತೆವಳುವ ಹಾಗೆ ಮಾಡಿಕೊಡಲಿ. ಮೂರನೆಯದು, ಅಚ್ಚು ಈಗಾಗಲೇ ಇರುವ ಹಳೆಯ ಮಾದರಿಗಳಿಗೆ ಹೊಸ ಯಂತ್ರಭಾಗ. ಮೇಲಿನ ಮೈ ಚೆನ್ನಾಗಿದ್ದು ಓಡಾಟ ಹಾಳಾಗಿರುವ ಎಂಜಿನ್‌ಗಳು ಎಷ್ಟೋ ಇವೆ. ಇದನ್ನು ಪಟ್ಟಿಗಳಲ್ಲಿ ಯಾರೂ ಬರೆಯುವುದೇ ಇಲ್ಲ, ಎಲ್ಲರಿಗೂ ಹೊಸದೇ ಬೇಕು. ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲಿನವರಿಗೂ ಈ ಮೂರೂ ಅನ್ವಯಿಸುತ್ತವೆ, ಅಲ್ಲಿ ಜಾಗದ ಕಷ್ಟ ಇನ್ನೂ ಜಾಸ್ತಿ ಅಷ್ಟೇ.

ನೀವು ಕಂಪನಿಗೆ ಬರೆಯುವುದಾದರೆ ಆಸೆ ಬರೆಯಬೇಡಿ, ಕೆಲಸಕ್ಕೆ ಬರುವ ವಿವರ ಬರೆಯಿರಿ. ಆ ಕ್ಲಾಸಿನಲ್ಲಿ ಎಷ್ಟು ಎಂಜಿನ್ ಇದ್ದವು, ಯಾವ ವರ್ಷದಿಂದ ಯಾವ ವರ್ಷದವರೆಗೆ ಓಡಿದವು, ಬೇರೆ ಯಾವ ರೈಲ್ವೆಗಳಲ್ಲಿ ಅದೇ ಬಿಲ್ಡರ್‌ನ ಹತ್ತಿರದ ಎಂಜಿನ್ ಇತ್ತು, ನಕ್ಷೆ ಎಲ್ಲಿ ಸಿಗುತ್ತದೆ, ಯಾವುದಾದರೂ ಮ್ಯೂಸಿಯಂನಲ್ಲಿ ಉಳಿದಿದೆಯಾ. ಉಳಿದಿದ್ದರೆ ಲೇಸರ್ ಸ್ಕ್ಯಾನ್ ಮಾಡಬಹುದು, ಕಂಪನಿಯ ಅರ್ಧ ಕೆಲಸ ಹಗುರ. ಆ ರೈಲ್ವೆಗೆ ಇತಿಹಾಸ ಸಂಘ ಇದ್ದರೆ ಅವರ ಮೂಲಕ ಹೋಗಿ. ಒಂದು ಸಂಸ್ಥೆ ಮುಂದೆ ನಿಂತು ಇಷ್ಟು ಎಂಜಿನ್ ನಾವೇ ತೆಗೆದುಕೊಳ್ಳುತ್ತೇವೆ ಎಂದಾಗ ಬಾಗಿಲು ತೆರೆಯುತ್ತದೆ. ಬ್ರಿಟನ್ನಿನ ಎಪಿಟಿ-ಇ ಪ್ರಯೋಗದ ರೈಲು ಒಂದೇ ಒಂದು ಇದ್ದದ್ದು. ನ್ಯಾಷನಲ್ ರೈಲ್ವೆ ಮ್ಯೂಸಿಯಂನ ಮಾದರಿ ಅಂಗಡಿ ಲೊಕೊಮೋಷನ್ ಮಾಡೆಲ್ಸ್ ಅದನ್ನು ರಾಪಿಡೊಗೆ ಹೇಳಿ ಮಾಡಿಸಿತು. ಕೆಆರ್ ಮಾಡೆಲ್ಸ್ ಕೂಡ ಒಂದೇ ಇದ್ದ ಜಿಟಿ3 ಗ್ಯಾಸ್ ಟರ್ಬೈನ್ ಎಂಜಿನ್ನಿಂದಲೇ ವ್ಯಾಪಾರ ಶುರು ಮಾಡಿತು. ಮತ್ತೆ ಯಾರಾದರೂ ನಿಮ್ಮ ಎಂಜಿನ್ ಘೋಷಿಸಿದ ದಿನ, ಆಮೇಲೆ ನೋಡೋಣ ಅಂತ ಕೂರಬೇಡಿ. ಈಗ ಬುಕಿಂಗ್ ಆದಷ್ಟೇ ತಯಾರಿಸುವವರು ಜಾಸ್ತಿ, ಬುಕಿಂಗ್ ಸಾಲದಿದ್ದರೆ ಯೋಜನೆಯನ್ನೇ ಕೈಬಿಡುತ್ತಾರೆ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ಬ್ಯಾಚ್‌ಮನ್ (ನಿಜ ಅಳತೆಯಲ್ಲಿ) 52 ಇಂಚು ಮತ್ತು 63 ಇಂಚು ಗಾಲಿಯ, ಬಾಲ್ಡ್‌ವಿನ್ ಕಂಪನಿ ಕಟ್ಟಿದ 4-6-0 ಎಂಜಿನ್‌ಗಳ ಮಾದರಿಗಳನ್ನು ತಂದಿದೆ. ನಿಮ್ಮ ಎಂಜಿನ್ನಿನ ಗಾಲಿ ಅಳತೆ ಮತ್ತು ಗಾಲಿಗಳ ನಡುವಿನ ಅಂತರ ಮೊದಲು ನೋಡಿಕೊಳ್ಳಿ. ಒಂದೆರಡು ಇಂಚು ಹೆಚ್ಚುಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಿಜ ಎಂಜಿನ್‌ನಲ್ಲೂ ಗಾಲಿಯ ಉಕ್ಕಿನ ಪಟ್ಟಿ ಸವೆದು, ಲೇತ್‌ನಲ್ಲಿ ತಿರುವಿ ಹಾಕಿ ಅಳತೆ ಕಡಿಮೆಯಾಗುತ್ತಲೇ ಹೋಗುತ್ತಿತ್ತು. ಎಚ್‌ಒನಲ್ಲಿ ಒಂದು ಇಂಚು ಅಂದರೆ 0.3 ಮಿಲಿಮೀಟರ್. ಗಾಲಿಗಳ ಅಂತರ ಹೊಂದಿದರೆ ಮಿಕ್ಕಿದ್ದೆಲ್ಲ ಮಾಡಬಹುದಾದ ಕೆಲಸ. ಡೋಮ್, ಹೆಡ್‌ಲೈಟ್, ಪಂಪ್‌ಗಳು ಕ್ಯಾಲ್‌ಸ್ಕೇಲ್, ಪ್ರಿಸಿಷನ್ ಸ್ಕೇಲ್ ಹೆಸರಿನಲ್ಲಿ ಹಿತ್ತಾಳೆಯ ಬಿಡಿಭಾಗಗಳಾಗಿ ಸಿಗುತ್ತವೆ. ಕ್ಯಾಬ್ ಅನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಮಾಡಬಹುದು, ಇಲ್ಲ 3ಡಿ ಪ್ರಿಂಟ್ ಮಾಡಿಸಬಹುದು.

ಇನ್ನೊಂದು ದಾರಿ ಹಳೆಯ ಹಿತ್ತಾಳೆ ಎಂಜಿನ್. ಪಿಎಫ್‌ಎಮ್ ಕಂಪನಿ ಜಪಾನಿನ ಯುನೈಟೆಡ್ ಕಾರ್ಖಾನೆಯಲ್ಲಿ ಮಾಡಿಸಿ ತರುತ್ತಿದ್ದಂಥ ಎಂಜಿನ್‌ಗಳು ಈಗಲೂ ಕೈ ಬದಲಾಗುತ್ತಿರುತ್ತವೆ. ಸಣ್ಣ ರೈಲ್ವೆಗಳ ಎಂಜಿನ್ ಹಿತ್ತಾಳೆಯಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಜಾಸ್ತಿ, ಏಕೆಂದರೆ ಅದನ್ನು ಕೈಯಲ್ಲಿ ಬೆಸುಗೆ ಹಾಕಿ ಮಾಡುತ್ತಿದ್ದರು, ಕೆಲವು ನೂರು ಮಾಡಿದರೂ ಲೆಕ್ಕ ಹೊಂದುತ್ತಿತ್ತು. ಆದರೆ ಕೊಂಡ ತಕ್ಷಣ ಡೀಕೋಡರ್ ಹಾಕಬೇಡಿ. ಹಳೆಯ ಓಪನ್ ಫ್ರೇಮ್ ಮೋಟರ್ ಕರೆಂಟ್ ಬಹಳ ಎಳೆಯುತ್ತದೆ. 12 ವೋಲ್ಟ್ ಕೊಟ್ಟು, ಗಾಲಿ ತಿರುಗದ ಹಾಗೆ ಒಂದು ಕ್ಷಣ ಹಿಡಿದು ಎಷ್ಟು ಆಂಪಿಯರ್ ಅಂತ ಮೀಟರ್‌ನಲ್ಲಿ ನೋಡಿ. ಡೀಕೋಡರ್ ತಡೆಯುವ ಮಟ್ಟ ದಾಟಿದರೆ ಹೊಸ ಮೋಟರ್ ಹಾಕಿಸಿ. ಈ ಎಂಜಿನ್‌ಗಳ ಚೌಕಟ್ಟಿನಲ್ಲೇ ಕರೆಂಟ್ ಹರಿಯುತ್ತಿರುತ್ತದೆ, ಎಂಜಿನ್ ಒಂದು ಹಳಿಯಿಂದಲೂ ಟೆಂಡರ್ ಇನ್ನೊಂದು ಹಳಿಯಿಂದಲೂ ತೆಗೆದುಕೊಳ್ಳುತ್ತದೆ. ಮೋಟರ್‌ನ ಎರಡೂ ಬ್ರಷ್‌ಗಳು ಚೌಕಟ್ಟಿನಿಂದ ಪೂರ್ತಿ ಬೇರೆಯಾಗಿವೆಯಾ ಅಂತ ಪರೀಕ್ಷಿಸದೆ ವೈರ್ ಜೋಡಿಸಿದರೆ ಡೀಕೋಡರ್ ಆ ಕ್ಷಣವೇ ಸುಟ್ಟುಹೋಗುತ್ತದೆ.

ಎರಡರಲ್ಲಿ ಯಾವ ದಾರಿ ಹಿಡಿದರೂ ಕೆಲಸವನ್ನು ಟೆಂಡರ್‌ನಿಂದ ಶುರು ಮಾಡಿ. ನೋಡುವವರು ಎಂಜಿನ್ ಯಾವ ರೈಲ್ವೆಯದು ಅಂತ ಗುರುತಿಸುವುದು ಟೆಂಡರ್ ಮತ್ತು ಕ್ಯಾಬ್ ನೋಡಿ, ಹೆಸರು ನಂಬರ್ ಇರುವುದೂ ಅಲ್ಲೇ, ಸ್ಪೀಕರ್‌ಗೆ ಜಾಗ ಇರುವುದೂ ಅಲ್ಲೇ. ಕೆಲಸಕ್ಕೆ ಕೂರುವ ಮುಂಚೆ ಒಂದೇ ನಂಬರಿನ ಒಂದು ಎಂಜಿನ್ ಆರಿಸಿಕೊಂಡು, ನಿಮ್ಮ ಕಾಲಕ್ಕೆ ಹೊಂದುವ ತಾರೀಕಿನ ಫೋಟೊ ಹುಡುಕಿ, ಸಾಧ್ಯವಾದರೆ ಎರಡೂ ಬದಿಯದ್ದು. ಎಡಗಡೆ ಪಂಪ್ ಇದ್ದ ಕಡೆ ಬಲಗಡೆ ಏನಿತ್ತು ಅಂತ ಊಹಿಸಿ ಮಾಡಿದ್ದನ್ನು ಆಮೇಲೆ ಕಿತ್ತು ತೆಗೆಯುವುದು ಬೇಸರದ ಕೆಲಸ.